ಚಕ್ರದೊಳಗಿನ ತುಂಡುಗಳು

ಚಂದನಳಿಗೆ ಕಾರಿರಲಿಲ್ಲ. ಐದು ವರ್ಷ ನಿಡಘಟ್ಟದಿಂದ ಮಳವಳ್ಳಿಯ ಹೈಸ್ಕೂಲಿಗೆ ಬಸ್ಸುಗಳಲ್ಲಿ ನಿಂತುಕೊಂಡೇ ಹೋಗಿ ಪಾಠ ಹೇಳಿದಳು. ಕೊನೆಗೆ ಮಂಡ್ಯದ ಮೇಷ್ಟ್ರೊಬ್ಬರು ಮಾರಿದ ಹಳೆಯ ಕೆಂಪು ಕಾರು ಒಂದು ಶುಕ್ರವಾರ ಮನೆಗೆ ಬಂತು.

ಭಾನುವಾರ ಪೂಜೆಗೆಂದು ಅವಳ ತಾಯಿ ದೇವಿರಮ್ಮ ಚಕ್ರ ತೊಳೆಯಲು ಕೂತಳು. ಚಕ್ರದ ಒಳಮೈಗೆ ಬೂದು ಬಣ್ಣದ ಚೌಕ ತುಂಡುಗಳು ಸಾಲಾಗಿ ಅಂಟಿಕೊಂಡಿದ್ದವು. ಒಂದೊಂದರ ಮೇಲೂ ಅಂಕಿ: ಐದು, ಐದು, ಹತ್ತು. ತಾಯತದ ತಗಡಿಗೆ ಅಂಕಿ ಬರೆಯುವುದನ್ನು ದೇವಿರಮ್ಮ ಕಂಡವಳು. ಇದು ಮಾಟವೇ ಎಂದು ಅವಳಿಗೆ ಖಾತ್ರಿಯಾಯಿತು. ಮಗಳು ತಲೆಗೆ ಎರೆದುಕೊಂಡು ಬರುವಷ್ಟರಲ್ಲಿ ನಾಲ್ಕೂ ಚಕ್ರದಿಂದ ಎಲ್ಲವನ್ನೂ ಕುಡುಗೋಲಿನಿಂದ ಮೀಟಿ ಅರಿಶಿನದ ಬಟ್ಟೆಯಲ್ಲಿ ಕಟ್ಟಿದ್ದಳು. ಅವು ಏನೆಂದು ಚಂದನಳಿಗೂ ಗೊತ್ತಿರಲಿಲ್ಲ. ಕಾರನ್ನು ಮೆಲ್ಲಗೆ ಓಡಿಸಿಕೊಂಡು ಮದ್ದೂರಿಗೆ ಹೋಗಿ ಗಂಟನ್ನು ಶಿಂಷಾ ಹೊಳೆಗೆ ಬಿಟ್ಟರು.

ವಾಪಸು ಬರುವಾಗ ಹೆದ್ದಾರಿಯಲ್ಲಿ ಎಂಬತ್ತು ದಾಟಿದ್ದೇ ತಡ, ಸ್ಟೀರಿಂಗು ಮೈಮೇಲೆ ದೇವರು ಬಂದಂತೆ ನಡುಗಿತು.

"ನೋಡ್ದಾ? ಕಿತ್ತಿದ್ಕೆ ಸಿಟ್ಟು ಬಂದದೆ," ಎಂದಳು ದೇವಿರಮ್ಮ. "ನಾಳೀಕೇ ಆ ಮೇಷ್ಟ್ರಿಗೆ ವಾಪಸ್ ಕೊಟ್ಬುಡು. ಬಸ್ಸೇನು ಸತ್ತೋಗವಾ?"

ಚಂದನಳಿಗೆ ಬಸ್ಸಿನ ಕಂಬಿ ಕಣ್ಮುಂದೆ ಬಂತು. ನಲವತ್ತರ ವೇಗದಲ್ಲಿ ಕಾರನ್ನು ಸೋಮನಹಳ್ಳಿಯ ಟೈರ್ ಅಂಗಡಿಗೆ ತಂದು ನಿಲ್ಲಿಸಿದಳು.

ಅಂಗಡಿಯ ನಾಗರಾಜು ಚಕ್ರದೊಳಗೆ ಕೈಯಾಡಿಸಿದ. ಅಂಟಿನ ಕಲೆ ಮಾತ್ರ ಉಳಿದಿತ್ತು. ಇಲ್ಲಿದ್ದ ತೂಕದ ತುಂಡು ಕಿತ್ತವರು ಯಾರೆಂದು ಕೇಳಿದ. ಚಂದನ ತಾಯಿಯ ಕಡೆ ನೋಡಿದಳು, ತಾಯಿ ಹೆದ್ದಾರಿಯ ಕಡೆ ನೋಡಿದಳು.

ನಾಗರಾಜು ಚಕ್ರವನ್ನು ಮೆಷಿನ್ನಿಗೆ ಸಿಕ್ಕಿಸಿ ತಿರುಗಿಸಿದ. ಮೆಷಿನ್ನೇ ಗಡಗಡ ಅದುರಿತು. ಡಬ್ಬಿಯಿಂದ ಅಂಥವೇ ಮೂರು ತುಂಡು ತೆಗೆದು, ಮೆಷಿನ್ನು ತೋರಿಸಿದ ಜಾಗಕ್ಕೆ ಅಂಟಿಸಿ ಮತ್ತೆ ತಿರುಗಿಸಿದ. ಈ ಸಲ ಚಕ್ರ ಸದ್ದಿಲ್ಲದೆ ಸುತ್ತಿತು. ಆ ಅಂಕಿ ಗ್ರಾಮಿನ ಲೆಕ್ಕ, ಚಕ್ರದ ಯಾವ ಕಡೆ ಹಗುರವೋ ಅಲ್ಲಿಗೆ ಇದು ಎಂದು ತಿಳಿಸಿದ.

ದೇವಿರಮ್ಮ ಎರಡನೆಯ ಚಕ್ರಕ್ಕೂ ಬಗ್ಗಿ ನೋಡಿದಳು, ಮೂರನೆಯದಕ್ಕೂ. ನಾಲ್ಕನೆಯದು ಬರುವ ಹೊತ್ತಿಗೆ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು.

"ಸಂತೇಲಿ ಟಮಾಟೆ ಮಾರೋವಾಗ ನಾನೂವೆ ತಕ್ಕಡಿ ತಟ್ಟೆ ಕೆಳೀಕೆ ಉಣಿಸೆ ಅಣ್ಣು ಮೆತ್ತುತಿದ್ದೆ ಕಣಪ್ಪ."

"ಸಮ ಮಾಡಕ್ಕಾ ಅವ್ವ?" ಎಂದಳು ಚಂದನ.

"ಇನ್ಯಾಕೆ ಮತ್ತೆ," ಎಂದಳು, ಮಗಳ ಮುಖ ತಪ್ಪಿಸಿ.

ಹಾಗಾದರೆ ಕಾರು ವಾಪಸ್ ಕೊಡಲೋ ಬೇಡವೋ ಎಂದು ಚಂದನ ಕೇಳಿದಳು.

"ಸುಮ್ಕೆ ಕಾರು ಅತ್ತು. ಮಂಡ್ಯಗಂಟ ಓಡ್ಸು, ನೋಡವ."

ಮುಳ್ಳು ಎಂಬತ್ತು ದಾಟಿತು, ತೊಂಬತ್ತಕ್ಕೆ ಬಂತು. ಸ್ಟೀರಿಂಗು ಅಲುಗಲಿಲ್ಲ. ದೇವಿರಮ್ಮ ಕಿಟಕಿ ಇಳಿಸಿ, ಹಿಂದೆ ಬಿದ್ದ ಬಸ್ಸುಗಳನ್ನು ಗಟ್ಟಿಯಾಗಿ ಎಣಿಸುತ್ತಾ ಕೂತಳು. ಮಂಡ್ಯ ಬರುವಷ್ಟರಲ್ಲಿ ಏಳಾಗಿದ್ದವು.

ಆ ದಿನ ಹೊಳೆಪಾಲಾದದ್ದು ತೂಕದ ತುಂಡು ಹದಿನಾಲ್ಕು, ಅರಿಶಿನದ ಬಟ್ಟೆ ಒಂದು.