ಮಿಡತೆ ತಿಂದ ಎಲೆ

ಸಿದ್ದಲಿಂಗವ್ವನ ಕೈಗೆ ಒಂದು ಹುಚ್ಚಿತ್ತು. ಬೆಳವಣಕಿಯ ಉಳಿದ ಹೆಂಗಸರು ಅಂಗಳದಲ್ಲಿ ನಾಲ್ಕು ಗೆರೆ ಎಳೆದು ಒಲೆ ಹೊತ್ತಿಸಿದರೆ, ಇವಳು ಹಿಂದಿನ ದಿನ ಹೊಲದಲ್ಲಿ ಕಂಡದ್ದನ್ನೆಲ್ಲ ರಂಗೋಲಿಗೆ ಇಳಿಸಬೇಕು. ಮಳೆ ಹಿಂದೆ ಸರಿದು ಗುರೆಳ್ಳು ಹಳದಿಯಾಗಿ ಅರಳಿತೆಂದರೆ ಮುಗಿಯಿತು, ಹಂಚಿನ ಮೇಲೆ ರೊಟ್ಟಿ ಸೀದರೂ ಎಚ್ಚರವಿಲ್ಲ. ಒಂದು ದಿನ ತೆನೆಗೆ ಜೋತುಬಿದ್ದ ಗುಬ್ಬಿ, ಮರುದಿನ ಬೆಳ್ಳಕ್ಕಿಯ ಸಾಲು. "ನಿನ್ನ ರಂಗೋಲಿ ತಿಂದ್ರ ಹೊಟ್ಟಿ ತುಂಬತೈತೇನ?" ಎಂದು ಗಂಡ ಗುರುಸಂಗಪ್ಪ ದಿನಾ ಗೊಣಗುತ್ತಿದ್ದ. ಗೊಣಗುತ್ತಲೇ ಅದನ್ನು ತುಳಿಯದೆ ಸುತ್ತು ಹಾಕಿ ಹೋಗುತ್ತಿದ್ದ, ಅದು ಬೇರೆ ಮಾತು.

ಆ ವರ್ಷ ಊರಿಗೆ ಊರೇ ಹೆದರಿ ಕೂತಿತ್ತು. ನರಗುಂದದ ಬಂಡು ಅಡಗಿ ನಾಲ್ಕು ತಿಂಗಳಾಗಿತ್ತು. ಮನೆಯಲ್ಲಿದ್ದ ಆಯುಧವನ್ನೆಲ್ಲ ತಂದು ಒಪ್ಪಿಸಬೇಕೆಂದು ಕಂಪನಿ ಸರಕಾರದವರು ಡಂಗುರ ಹೊಡೆಸಿದ್ದರು. ಬಚ್ಚಿಟ್ಟವರಿಗೆ ಗಲ್ಲೇ ಗತಿ ಎಂದು ಜನ ಮಾತಾಡಿಕೊಳ್ಳುತ್ತಿದ್ದರು. ಎಲ್ಲರೂ ಕೊಟ್ಟರು. ಗುರುಸಂಗಪ್ಪ ಮಾತ್ರ ತನ್ನ ಮುತ್ತ್ಯಾ, ಅಪ್ಪನ ಅಪ್ಪ, ಬಿಟ್ಟುಹೋದ ಕತ್ತಿಯನ್ನು ಅಂಗಳದ ನೆಲದಡಿಯ ಹಗೇವಿನೊಳಗೆ, ಜೋಳದ ಅಡಿಗೆ ಹುಗಿದು, "ನಮ್ಮ ಮನ್ಯಾಗ ಕುಡಗೋಲ ಬಿಟ್ಟರ ಏನೂ ಇಲ್ರಿ" ಎಂದು ಚಾವಡಿಯಲ್ಲಿ ಆಣೆ ಮಾಡಿ ಬಂದಿದ್ದ. ಗಂಡಸಿನ ಸೊಕ್ಕಿಗೆ ಮದ್ದೆಲ್ಲಿದೆ! ಅಂದಿನಿಂದ ಬಾಗಿಲು ಸದ್ದಾದರೆ ಸಾಕು, ಸಿದ್ದಲಿಂಗವ್ವ ಮೊದಲು ಹಗೇವಿನ ಕಡೆ ನೋಡುತ್ತಿದ್ದಳು.

ಹೀಗಿರುವಾಗ ಆಯುಧಪೂಜೆಯ ಖಂಡೇನವಮಿ ಬಂತು. ಪ್ರತಿವರ್ಷ ಪಡಸಾಲೆಯಲ್ಲಿ ಆ ಕತ್ತಿಯನ್ನಿಟ್ಟು ಪೂಜೆ ಮಾಡುತ್ತಿದ್ದರು. ಈ ಸಲ ಸಾರಿಸಿದ ನೆಲ ಬರಿದಾಗಿ ಕಂಡಿತು. ಸಿದ್ದಲಿಂಗವ್ವ ರಂಗೋಲಿ ಬಟ್ಟಲು ಹಿಡಿದು ಕೂತಳು, ಕೈ ತನ್ನಷ್ಟಕ್ಕೆ ತಾನೇ ಓಡಿತು. ನೋಡುತ್ತಾಳೆ, ಮುತ್ತ್ಯಾನ ಕತ್ತಿ! ಅದೇ ಉದ್ದ, ಅದೇ ಬಾಗು, ಅಲಗಿನ ನಡುವೆ ಅದೇ ಮುಕ್ಕು. ಚಂದ ಬಂತೆಂದು ಹಿಗ್ಗಿ, ಕುಂಕುಮ ಏರಿಸಿ ಕೈಮುಗಿದೂ ಬಿಟ್ಟಳು.

ಅಷ್ಟರಲ್ಲಿ ಗುರುಸಂಗಪ್ಪ ಏದುಸಿರು ಬಿಡುತ್ತ ಓಡಿಬಂದ. "ಜಮಾದಾರ ಉಸ್ಮಾನಸಾಬ ಮನಿ ಮನಿ ಹುಡಕಾಕತ್ತಾನ, ನಮ್ಮ ಓಣಿಗೇ ಬಂದ..." ನೆಲ ಕಂಡದ್ದೇ ಅವನು ಅಲ್ಲೇ ನಿಂತುಬಿಟ್ಟ. "ಏನ ಮಾಡೀದಿ ಇದನ್ನ? ಕತ್ತಿ ಇಲ್ಲಂತ ಆಣಿ ಮಾಡೇನಿ. ಅಳಸ, ಲಗೂ ಅಳಸ!"

"ಕುಂಕಮ ಬಿದ್ದೈತ್ರಿ. ಪೂಜಿ ಆದದ್ದನ್ನ ಇವತ್ತ ಅಳಸಿದ್ರ ನಿಮ್ಮ ಜೀವಕ್ಕ ಕೇಡು."

"ಅಳಸದಿದ್ರ ಜೀವ ಉಳಿತೈತೇನ?"

ಅತ್ತ ದರಿ, ಇತ್ತ ಹುಲಿ. ಹೊರಗೆ ಎಕ್ಕಡದ ಸದ್ದು ಕೇಳಿತು. ಸಿದ್ದಲಿಂಗವ್ವ ಸುತ್ತ ನೋಡಿದಳು. ಬಾಗಿಲಿಗೆ ಒರಗಿಸಿದ್ದ ಜೋಳದ ದಂಟಿನ ಮೇಲೆ ಕಣ್ಣು ಬಿತ್ತು. ಅದರ ಎಲೆ ಉದ್ದಕ್ಕೆ ಚಾಚಿ ತುದಿಯಲ್ಲಿ ಬಾಗಿತ್ತು. ಹಬ್ಬಕ್ಕೆಂದು ನಿನ್ನೆ ತಾನೇ ಹೊಲದಿಂದ ತಂದದ್ದು. ಹಾಂ! ಕುಕ್ಕರಗಾಲಲ್ಲಿ ಕೂತು ಅಲಗಿನ ನಡುವೆ ಒಂದು ನರ ಎಳೆದಳು. ಹಿಡಿ ಇದ್ದಲ್ಲಿ ಗಿಣ್ಣು, ಅದರ ಮೇಲೆ ಕೆಳಗೆ ದಂಟು, ಆಚೆಗೊಂದು ಎಲೆ, ತಲೆಗೊಂದು ತೆನೆ. ಅವಸರಕ್ಕೆ ಕಾಳು ಅಡ್ಡಾದಿಡ್ಡಿಯಾದವು.

ಜಮಾದಾರ ಒಳಗೆ ಬಂದ. ಅವನ ಇಬ್ಬರು ಸಿಪಾಯಿಗಳು ಅಂಗಳದಲ್ಲಿ ಕೋಲಿನಿಂದ ನೆಲ ಕುಟ್ಟುತ್ತ ಹಗೇವಿನ ಕಡೆಗೇ ಸರಿಯುತ್ತಿದ್ದರು. ಒಂದೊಂದು ಏಟಿಗೂ ಗುರುಸಂಗಪ್ಪ ಕಣ್ಣು ಮುಚ್ಚುತ್ತಿದ್ದ.

ಉಸ್ಮಾನಸಾಬ ರಂಗೋಲಿಯನ್ನೇ ನೋಡುತ್ತ ನಿಂತ. "ಖಂಡೇ ಪೂಜಿ ದಿನ ಜ್ವಾಳದ ದಂಟೇನವ್ವಾ?"

"ಹೌದ್ರಿ. ಆಯುಧ ಇಲ್ರೆಲ್ಲ. ಹೊಟ್ಟಿಗೆ ಹಾಕೂದೂ ದೇವರ ಅಲ್ಲೇನ್ರಿ?"

"ಈ ಎಲಿಗೆ ಮುಕ್ಕ ಯಾಕೈತಿ?"

ಅಯ್ಯೋ ಶಿವನೇ! ಅದನ್ನೇ ಮರೆತಿದ್ದಳು. "ಮಿಡತಿ... ಮಿಡತಿ ತಿಂದದ್ರಿ."

"ಮಿಡತಿ ಎಲ್ಲಿ?"

ಅವನ ಕಣ್ಣೆದುರೇ ಚಿಟಿಕೆ ಪುಡಿ ಹಿಡಿದಳು. ಎರಡು ಮೀಸೆ, ಮಡಚಿದ ಕಾಲು, ಉಬ್ಬಿದ ಕಣ್ಣು ಬರೆದಳು. ಮಿಡತೆ ಮುಕ್ಕಿಗೆ ಬಾಯಿ ಹಾಕಿ ಕೂತಿತು.

ಸರ್ರೆಂದು ಜಮಾದಾರ ಕತ್ತಿ ಹಿರಿದ. ಗುರುಸಂಗಪ್ಪ ಗೋಡೆಗೆ ಅಂಟಿಕೊಂಡ. ಉಸ್ಮಾನಸಾಬ ಎಕ್ಕಡ ಕಳಚಿ, ಬಾಗಿ, ತನ್ನ ಕತ್ತಿಯನ್ನು ಮೆಲ್ಲಗೆ ಆ ಎಲೆಯ ಪಕ್ಕಕ್ಕಿಟ್ಟ. ಹಿಡಿಯಿಂದ ಮೊನೆಯವರೆಗೆ ಅಳತೆ ಕೂದಲೆಳೆಯಷ್ಟೂ ತಪ್ಪಲಿಲ್ಲ. ಅವನಿಗೆ ಎಲ್ಲ ತಿಳಿಯಿತೆಂದು ಸಿದ್ದಲಿಂಗವ್ವನಿಗೂ ತಿಳಿಯಿತು.

"ನಮ್ಮೂರ ಸವಡ್ಯಾಗ ಗೌಡ್ರ ಮನಿ ಕತ್ತಿ ಜೋಡಿ ನಮ್ಮಪ್ಪನ ಕತ್ತಿಗೂ ಪೂಜಿ ಆಗತಿತ್ತು," ಎಂದ ಉಸ್ಮಾನಸಾಬ ದನಿ ತಗ್ಗಿಸಿ. "ಇವತ್ತ ಈ ಚಾಕರ್ಯಾಗ ಇದಕ್ಕ ಕುಂಕಮ ಹಚ್ಚವರಿಲ್ಲ. ಹಚ್ಚವ್ವಾ."

ಅವಳು ಕುಂಕುಮ ತೆಗೆದು ಹಚ್ಚಿದಳು. ಅವನು ಕತ್ತಿ ಎತ್ತಿ ಹಣೆಗೊತ್ತಿಕೊಂಡ.

"ಮುಂದಿನ ವಾರ ಬ್ಯಾರೆ ಜಮಾದಾರ ಬರತಾನ. ಅವಗ ಜ್ವಾಳದ ಎಲಿ ಕಾಣೂದುಲ್ಲ, ಕತ್ತೀನ ಕಾಣತೈತಿ." ಹೊರಗೆ ಹೋಗಿ ಸಿಪಾಯಿಗಳಿಗೆ ಕೂಗಿದ, "ನಡೀರಿ, ಇಲ್ಲೇನೂ ಇಲ್ಲ!"

ಸದ್ದು ಓಣಿ ದಾಟುವ ತನಕ ಗಂಡ ಹೆಂಡತಿ ಅಲುಗಾಡಲಿಲ್ಲ. ಆಮೇಲೆ ಸಿದ್ದಲಿಂಗವ್ವ ಮುಖಕ್ಕೆ ಸೆರಗು ಹಚ್ಚಿ ಬಿಕ್ಕಿ ಬಿಕ್ಕಿ ಅತ್ತಳು.

"ಇವತ್ತ ಅದನ್ನ ತಗದು ಬೆಣ್ಣಿಹಳ್ಳದ ಮಡುವಿಗೆ ಹಾಕಿ ಬರ್ರಿ," ಎಂದಳು. "ಮುತ್ತ್ಯಾನ ಕತ್ತಿ ಬೇಕಂದ್ರ ವರ್ಷಾ ನಾ ಬರದ ಕೊಡತೀನಿ. ನಿಮ್ಮನ್ನ ಬರದ ಇಟ್ಟಕೊಳ್ಳಾಕ ನನ್ನ ಕೈಲೆ ಆಗೂದುಲ್ಲ."

ಗುರುಸಂಗಪ್ಪ ಗೊಣಗಲಿಲ್ಲ. ಮಿಡತೆಯನ್ನು ತುಳಿಯದೆ ಸುತ್ತು ಹಾಕಿ ಹೋಗಿ, ಹಗೇವಿನ ಬಾಯಿ ತೆರೆದ.