ಕಿಟಕಿ ಪಕ್ಕದ ಮಷಿನ್ನು

ಇಷ್ಟು ಸಣ್ಣ ಸಂಗತಿಯನ್ನು ಕತೆಯೆಂದು ಹೇಳಹೊರಟಿರುವುದಕ್ಕೆ ಓದುವವರು ಮನ್ನಿಸಬೇಕು. ಹೊಟ್ಟೆಕಿಚ್ಚನ್ನು ಸರಿಯಾಗಿ ತೂಗಿ ಹೇಳುವಷ್ಟು ತಿಳಿವಳಿಕೆ ಇದೆಯೆಂಬ ಧೈರ್ಯವೂ ಇಲ್ಲ.

ಒಂದೇ ಮನೆಯ ಇಬ್ಬರು ಸೊಸೆಯರು ಒಂದೇ ಅಂಗಿ ಕಾರ್ಖಾನೆಯಲ್ಲಿ ಕಾಲರ್ ಹೊಲಿಯುತ್ತಿದ್ದರು. ದೊಡ್ಡ ಸೊಸೆ ಹಳಬಳು. ಚಿಕ್ಕವಳನ್ನು ಕೈಹಿಡಿದು ಕರೆತಂದು ಮೇಸ್ತ್ರಿಯ ಮುಂದೆ ನಿಲ್ಲಿಸಿದವಳೂ ಅವಳೇ. ಅದೇ ಹೊತ್ತಿಗೆ ಕಿಟಕಿ ಪಕ್ಕದ ಮಷಿನ್ನು ಖಾಲಿಯಾಯಿತು. ಅಲ್ಲಿ ಬೆಳಕುಂಟು, ಗಾಳಿಯುಂಟು, ಬೀದಿಯಲ್ಲಿ ಹೋಗಿಬರುವವರನ್ನು ನೋಡಬಹುದು. ಮಬ್ಬು ಮೂಲೆಯಲ್ಲಿ ಕೂತು ದೊಡ್ಡವಳು ವರ್ಷಗಳಿಂದ ಅದರ ಮೇಲೆ ಕಣ್ಣಿಟ್ಟಿದ್ದಳು. ಮೇಸ್ತ್ರಿ ಒಂದು ಮಾತೂ ಆಡದೆ ಚಿಕ್ಕವಳನ್ನು ಅಲ್ಲಿ ಕೂರಿಸಿದ.

ಅಂದಿನಿಂದ ದೊಡ್ಡವಳ ಹೊಟ್ಟೆಗೆ ಕಿಚ್ಚು ಬಿತ್ತು. ಚಿಕ್ಕವಳು ನಕ್ಕರೆ ಅದು ತನ್ನನ್ನು ನೋಡಿಯೇ. ಮೇಸ್ತ್ರಿ ಅವಳ ಬಳಿ ನಿಂತರೆ ಹೊಗಳಲಿಕ್ಕೇ. ಸಂಜೆ ಅತ್ತೆ, "ಚಿಕ್ಕೋಳ ಕೈ ಭಾರಿ ಚುರುಕಂತೆ ಕಣೇ" ಅಂದರೆ ಇವಳು ಅರ್ಧ ಊಟಕ್ಕೇ ಎದ್ದುಬಿಡುತ್ತಿದ್ದಳು. ಕಣ್ಣು ಸೂಜಿಯ ಮೇಲೆ, ಮನಸ್ಸು ಕಿಟಕಿಯ ಮೇಲೆ. ಕಾಲರಿನ ಒಂದು ತುದಿ ಮೇಲಾದರೆ ಇನ್ನೊಂದು ಕೆಳಗೆ. ಹೊಲಿದದ್ದೆಲ್ಲ ಬಿಚ್ಚಿ ಹೊಲಿಯಲು ವಾಪಸು ಬರತೊಡಗಿತು.

"ಇನ್ನೂ ಹೀಗೇ ಆದ್ರೆ ನಿಮ್ಮನ್ನ ಗುಂಡಿ ಹಚ್ಚೋಕೆ ಹಾಕ್ತೀನಮ್ಮ" ಅಂದ ಮೇಸ್ತ್ರಿ. ಗುಂಡಿ ಹಚ್ಚುವುದು ಏನೂ ಬಾರದ ಹೊಸಬರ ಕೆಲಸ.

"ಈ ಮೂಲೇಲಿ ದಾರಾನೇ ಕಾಣಲ್ಲ."

"ಇಷ್ಟು ವರ್ಷ ಕಾಣ್ತಿತ್ತಲ್ಲ? ಕುಣಿಯಲಾರದೋಳು ಅಂಗಳ ಡೊಂಕು ಅಂದಳಂತೆ!"

ಸುತ್ತಲಿನವರು ನಕ್ಕರು. ಅವಳ ತಾಳ್ಮೆಯ ಕಟ್ಟೆ ಒಡೆಯಿತು. "ಅಂಗಳ ಡೊಂಕಿದ್ರೂ ಇಷ್ಟು ವರ್ಷ ಕುಣಿದಿದ್ದೀನಿ. ನೆನ್ನೆ ಬಂದೋಳಿಗೆ ಕಿಟಕಿ, ನನಗೆ ಮೂಲೆ. ಯಾಕೆ ಅಂತ ಒಂದು ಮಾತು ಹೇಳಿದ್ರಾ?"

ಮೇಸ್ತ್ರಿ ತಲೆ ಕೆರೆದುಕೊಂಡ. "ಹೊಸಬಳು, ಬೆಳಕಿದ್ರೆ ಬೇಗ ಕಲೀತಾಳೆ ಅಂತ ಕೂರಿಸ್ದೆ. ನೀವು ಕಣ್ಣು ಮುಚ್ಚಿದ್ರೂ ಹೊಲೀತೀರಿ. ಏನೂ ಅಂದ್ಕೊಳ್ಳಲ್ಲ ಅಂದ್ಕೊಂಡೆ."

"ಏನೂ ಅಂದ್ಕೊಳ್ಳದೆ ಇರೋಕೆ ನಾನೇನು ಗೋಡೇನಾ?"

ಚಿಕ್ಕವಳು ಎದ್ದು ನಿಂತಿದ್ದಳು. "ಅಕ್ಕಾ, ನೀನೇ ಕೂತ್ಕೋ ಬಾ. ಮಧ್ಯಾಹ್ನದ ಬಿಸಿಲಿಗೆ ನನ್ನ ಬೆನ್ನು ಕಾದ ಕಾವಲಿ ಆಗಿದೆ."

ಬಿಟ್ಟುಕೊಟ್ಟ ದೊಡ್ಡಸ್ತಿಕೆಯೂ ಅವಳಿಗೇ ಹೋಯಿತಲ್ಲ ಎಂದು ದೊಡ್ಡವಳಿಗೆ ಇನ್ನಷ್ಟು ಉರಿಯಿತು. "ನಿನ್ನ ಭಿಕ್ಷೆ ಬೇಡ. ಸರದಿ ಹಾಕಲಿ. ಒಂದು ವಾರ ನಿಂದು, ಒಂದು ವಾರ ನಂದು."

ಮೇಸ್ತ್ರಿ ಗೊಣಗುತ್ತಲೇ ಒಪ್ಪಿದ.

ಮೊದಲ ವಾರ ಚಿಕ್ಕವಳದ್ದು. ದೊಡ್ಡವಳು ಅದೇ ಮೂಲೆಯಲ್ಲಿ, ಅದೇ ಮಬ್ಬಿನಲ್ಲಿ ಹೊಲಿದಳು. ಒಂದು ಕಾಲರೂ ವಾಪಸು ಬರಲಿಲ್ಲ. ಮೇಸ್ತ್ರಿ ಗುಂಡಿಯ ಮಾತನ್ನು ಮತ್ತೆ ಎತ್ತಲಿಲ್ಲ.

ತನ್ನ ವಾರ ಬಂದಾಗ ಅವಳು ಕಿಟಕಿಯ ಬಳಿ ಹೋಗಿ ಕೂತಳು. ಬಿಸಿಲು ನಿಜಕ್ಕೂ ಬೆನ್ನು ಸುಡುತ್ತಿತ್ತು, ಬಾಯಿ ಬಿಡಲಿಲ್ಲ. ತಿರುಗಿ ನೋಡಿದರೆ ಮೂಲೆಯ ಮಬ್ಬಿನಲ್ಲಿ ಚಿಕ್ಕವಳ ಕಾಲರುಗಳೂ ನೆಟ್ಟಗೇ ಬರುತ್ತಿದ್ದವು. ಹೊಟ್ಟೆಯೊಳಗೆ ಮತ್ತೆ ಸಣ್ಣಗೆ ಚುರುಕ್ ಎಂದಿತು.

ಕಿಟಕಿ ಸಿಗುವ ಮೊದಲೇ, ಮೂಲೆಯಲ್ಲಿದ್ದಾಗಲೇ ಅವಳ ಕೈ ಸರಿಹೋದದ್ದು ಸರದಿ ಸಿಕ್ಕ ಸಮಾಧಾನಕ್ಕೋ, ಚಿಕ್ಕವಳ ಮೇಲಿನ ಹಟಕ್ಕೋ, ಗೊತ್ತಿಲ್ಲ. ಅವಳಿಗೂ ಗೊತ್ತಿರಲಿಕ್ಕಿಲ್ಲ.