ಹೋಳಿಗೆ ಉಂಡ ಬಾವಿ

ಮುದ್ದೇಬಿಹಾಳದಿಂದ ಬಂದ ನೆಂಟರು ತಂಬಿಗೆಯೊಳಗೆ ಇಣುಕಿ, ಕುಡಿಯದೆ ಕೆಳಗಿಟ್ಟರು. ಬಾವಿಯಿಂದ ಬಂದಾಗ ತಿಳಿಯಾಗಿದ್ದ ನೀರು ಮಧ್ಯಾಹ್ನದ ಹೊತ್ತಿಗೆ ಕೊಡದಲ್ಲೇ ಕೆಂಪಾಗಿತ್ತು.

"ಮೊದ್ಲ ಹಿಂಗ ಇರಲಿಲ್ರಿ," ರುಕ್ಮವ್ವ ಸೊಸೆಯ ಕಡೆ ನೋಡದೆಯೇ ಹೇಳಿದಳು. "ಈಕಿ ಹೊಸ್ತಿಲ ದಾಟಿ ಬಂದ ವರ್ಷದಿಂದ ನಮ್ಮ ಬಾವಿ ಕೆಟ್ಟೈತಿ."

ಭುವನೇಶ್ವರಿಗೆ ಮೈಯೆಲ್ಲ ಉರಿಯಿತು. ಸೂಕ್ಷ್ಮಜೀವಿಗಳ ಶಾಸ್ತ್ರ ಓದಿ ಪದವಿ ಪಡೆದವಳು, ಇಂಗಳೇಶ್ವರದ ಈ ಮನೆಯಲ್ಲಿ ಗಳಿಸಿದ ಬಿರುದು ಒಂದೇ: ಕೆಟ್ಟ ಕಾಲ್ಗುಣದವಳು.

ನೆಂಟರು ಹೋದ ಮೇಲೆ ಗಂಡ ಸಂಗಮೇಶನನ್ನು ಹಿತ್ತಲಿನ ಬಾವಿಯ ಹತ್ತಿರ ಕರೆದೊಯ್ದಳು. ಮದುವೆಯ ವರ್ಷವೇ ಬಾವಿಗೆ ಸ್ಲ್ಯಾಬ್ ಹಾಕಿ ಮುಚ್ಚಿ ಮೋಟರು ಕೂಡಿಸಿದ್ದರು. ಗಂಗವ್ವನಿಗೆ ನೈವೇದ್ಯ ಬಿಡಲೆಂದು ನಡುವೆ ಒಂದು ಕಿಂಡಿ. ಅಮಾವಾಸ್ಯೆ, ಹುಣ್ಣಿಮೆ ತಪ್ಪದೆ ರುಕ್ಮವ್ವ ಅದರೊಳಗೆ ಹೋಳಿಗೆ, ಬೆಲ್ಲ ಬಿಡುತ್ತಿದ್ದಳು. ನೀರು ಕೆಟ್ಟಷ್ಟೂ ನೈವೇದ್ಯ ಹೆಚ್ಚುತ್ತ ಹೋಯಿತು.

"ತಳದಾಗ ಕಣ್ಣಿಗೆ ಕಾಣಲಾರದ ಜೀವ ಅದಾವರಿ," ಎಂದಳು ಭುವನೇಶ್ವರಿ. "ಕೊಳತ ಹೋಳಗಿ ತಿಂತಾವ. ತಿಂದಮ್ಯಾಲ ಉಸಿರಾಡಬೇಕಲ್ಲ? ಉಂಡ ಅನ್ನದಾಗಿಂದ ಬರೂ ಎಲೆಕ್ಟ್ರಾನು ನಾವು ಉಸಿರಿನ ಗಾಳಿಗೆ ದಾಟಸ್ತೇವಿ. ಮುಚ್ಚಿದ ಬಾವ್ಯಾಗ ಅವಕ್ಕ ಗಾಳಿ ಎಲ್ಲೈತಿ? ಅದಕ್ಕ ಕಲ್ಲು ಮಣ್ಣಾಗಿನ ಕಬ್ಬಿಣದ ತುಕ್ಕಿಗೆ ದಾಟಸ್ತಾವ. ಕೆಲವು ಮೈಗೆ ಮೈ ಹಚ್ಚಿ, ಕೆಲವು ವಾಯರಿನಂಥಾ ಸಣ್ಣ ಎಳಿ ಚಾಚಿ. ಆಗ ತುಕ್ಕು ನೀರಾಗ ಕರಗತೈತಿ, ಕಾಣೂದಿಲ್ಲ. ಮ್ಯಾಲ ಬಂದು ಗಾಳಿ ತಾಕಿತಂದ್ರ ಮತ್ತ ತುಕ್ಕು, ಮತ್ತ ಕೆಂಪು."

"ಅಂದ್ರ ಅವ್ವನ ನೈವೇದ್ಯದಿಂದ?"

"ಹೌದ್ರಿ. ಅದನ್ನ ನಿಲ್ಲಸ್ರಿ, ಸ್ಲ್ಯಾಬ್ ತಗಸ್ರಿ, ತಿಳಿ ಆಗತೈತಿ. ನಾ ಹೇಳಿದ್ರ ಅತ್ತಿ ಕೇಳೂದಿಲ್ಲ. ಇದು ನನ್ನಿಂದ ಆಗಿಲ್ಲ ಅಂತ ನೀವು ಒಂದ್ ಮಾತು ಹೇಳ್ರಿ, ಸಾಕು."

ಸಂಗಮೇಶ ದಡ್ಡನಲ್ಲ. ಅವನಿಗೆ ಎಲ್ಲವೂ ಅರ್ಥವಾಗಿತ್ತು, ಅದೇ ಅವಳನ್ನು ಹೆಚ್ಚು ನೋಯಿಸಿತು.

"ನೀ ಹೇಳೂದು ಖರೆ," ಎಂದ. "ಆದ್ರ 'ಅವ್ವಾ, ನಿನ್ನ ಕೈಯಿಂದನ ನೀರು ಕೆಟ್ಟೈತಿ' ಅಂತ ಈ ವಯಸ್ಸಿನ್ಯಾಗ ಆಕಿಗೆ ಹೆಂಗ ಹೇಳ್ಲಿ? ಎದಿ ಒಡಕೋತಾಳ. ನೀ ಸಣ್ಣಾಕಿ, ತಡಕೋತಿ."

ಮುಂದಿನ ಅಮಾವಾಸ್ಯೆಗೆ ರುಕ್ಮವ್ವ ಬುಟ್ಟಿ ತುಂಬ ಹೋಳಿಗೆ ಮಾಡಿಸಿದಳು. ಬಾವಿಯ ಬಳಿ ಬುಟ್ಟಿಯನ್ನು ಸೊಸೆಯ ಕೈಗೆ ಕೊಟ್ಟಳು. ದನಿಯಲ್ಲಿ ಸಿಟ್ಟಿರಲಿಲ್ಲ, ಕರುಣೆಯೇ ಇತ್ತು.

"ಈ ಸಲ ನೀನ ಬಿಡವಾ. ನಿನ್ನ ಕೈಲೆ ಹೋದ್ರ ಗಂಗವ್ವ ನಿನ್ನ ತಪ್ಪು ಹೊಟ್ಟ್ಯಾಗ ಹಾಕ್ಕೋತಾಳ."

ಭುವನೇಶ್ವರಿ ಗಂಡನನ್ನು ನೋಡಿದಳು. ಅವನು ಕೈಮುಗಿದು ಕಣ್ಣು ಮುಚ್ಚಿಕೊಂಡ.

ಅವಳು ಕಿಂಡಿಯ ಮೇಲೆ ಬಾಗಿ ಒಂದು ಹೋಳಿಗೆ ಬಿಟ್ಟಳು. ಕೆಳಗೆ ಕತ್ತಲ ನೀರಿನ ಮೇಲೆ ತುಪ್ಪದ ಪಸೆ ಹರಡಿತು, ಒಂದೆರಡು ಗುಳ್ಳೆ ಎದ್ದವು.

"ಇನ್ನೊಂದು ಬಿಡು," ಎಂದಳು ರುಕ್ಮವ್ವ.